ಮೊದಲು ಒಪ್ಪಿಕೊಂಡಿರಬೇಕು

ಇಂಗ್ಲಿಷಿನವರಿಗೆ ಕ್ರಿಯಾಪದಗಳಿಗೇನೂ ಬರಗಾಲವಿಲ್ಲ. ಆದರೂ ಇದ್ದ ಪದಕ್ಕೇ ಒಂದು ಬಾಲ ಹಚ್ಚಿ ಹೊಸ ಅರ್ಥ ಹುಟ್ಟಿಸುವ ಚಾಳಿ ಅವರಿಗೆ. ಬ್ಯಾಕ್ ಅಪ್ ಅಂದರೆ ಬೆಂಬಲಕ್ಕೆ ನಿಲ್ಲುವುದು, ಬ್ಯಾಕ್ ಆಫ್ ಅಂದರೆ ದೂರ ಸರಿದು ನಿಲ್ಲುವುದು, ಬ್ಯಾಕ್ ಔಟ್ ಅಂದರೆ ಕೊಟ್ಟ ಮಾತಿನಿಂದ ಜಾರಿಕೊಳ್ಳುವುದು. ಇದನ್ನೆಲ್ಲ ಪುಣೆಯ ಕೊಂಢವಾದಲ್ಲಿ ಕೂತು ಕಲಿಸಬೇಕಾದ ದರ್ದು ನನಗೇನಿರಲಿಲ್ಲ. ನಮ್ಮದೊಂದು ಹೋಟೆಲಿದೆ, ಗಲ್ಲಾದಲ್ಲಿ ಗಂಡ ಭುಜಂಗ ಕೂರುತ್ತಾರೆ, ಇಡ್ಲಿ ಸಾಂಬಾರಿಗೆ ಯಾವ ಬಾಲವೂ ಬೇಕಿಲ್ಲ. ಆದರೆ ಭಾನುವಾರ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಮಾಳಿಗೆಯ ಫ್ಯಾಮಿಲಿ ರೂಮು ಖಾಲಿ ಬಿದ್ದಿರುತ್ತದೆ. ಖಾಲಿ ಜಾಗ ಕಂಡರೆ ಸುಮ್ಮನಿರುವ ಜಾತಿ ನನ್ನದಲ್ಲ. ಮದುವೆಗೆ ಮುಂಚೆ ಉಡುಪಿ ಕಡೆ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವಳು, ಇಲ್ಲಿ ಮಾತಾಡುವ ಇಂಗ್ಲಿಷಿನ ಕ್ಲಾಸು ಶುರು ಮಾಡಿದೆ. ಟೊಮೇಟೊ ಸಾಸಿನ ಬಾಟಲಿಗಳನ್ನು ಒಂದು ಕಡೆ ಸರಿಸಿದರೆ ಅದೇ ಶಾಲೆ.

ಆ ಮಧ್ಯಾಹ್ನ ಬ್ಯಾಕ್ ಔಟ್‌ನ ಸರದಿ. ಎದುರಿಗೆ ಕೂತಿದ್ದವರು ಮೂವರು. ನಮ್ಮ ಹೋಟೆಲಿನಲ್ಲೇ ಸಪ್ಲೈ ಮಾಡುವ ಸುಂದರ, ಎದುರಿನ ಮೊಬೈಲ್ ಅಂಗಡಿಯ ಮರಾಠಿ ಹುಡುಗಿ ಸಾಯಲಿ, ಮತ್ತು ಶಿವಕಾಂತಾ. ಶಿವಕಾಂತಾ ಯಾದಗಿರಿ ಕಡೆಯವಳು, ಖರಾಡಿಯ ಐಟಿ ಪಾರ್ಕಿನಲ್ಲಿ ಒಳಗೆ ಬರುವವರಿಗೆ ಪಾಸು ಕೊಡುವ ಕೆಲಸ. ಬಂದವರೆಲ್ಲ ಅವಳೊಡನೆ ಇಂಗ್ಲಿಷಿನಲ್ಲಿ ಅವಸರ ಮಾಡುತ್ತಾರೆ, ಅದಕ್ಕೆ ಇಂಗ್ಲಿಷಿನಲ್ಲೇ ನಿಧಾನ ಹೇಳಬೇಕೆಂದು ಅವಳು ಕ್ಲಾಸಿಗೆ ಸೇರಿದ್ದಳು. ಮೂವರಲ್ಲಿ ಬುದ್ಧಿ ಇದ್ದವಳು ಅವಳೇ. ಉಳಿದಿಬ್ಬರಿಗೆ ಹಾಜರಿ ಇತ್ತು.

ಅರ್ಥ ಬಿಡಿಸಿ ಹೇಳಿದೆ. ಊಟಕ್ಕೆ ಬರುವುದಿಲ್ಲ ಎಂದು ಮೊದಲೇ ಹೇಳಿದವನು ಬ್ಯಾಕ್ ಔಟ್ ಮಾಡಿದ ಹಾಗಲ್ಲ, ಅವನು ಬರುವುದಿಲ್ಲ ಅಂದ, ಅಷ್ಟೆ. ಬರುತ್ತೇನೆ ಎಂದು ಹೇಳಿ, ಅವನ ಪಾಲಿನ ಅಕ್ಕಿಯನ್ನೂ ಒಲೆಗಿಟ್ಟ ಮೇಲೆ ಬಾರದೆ ಹೋದರೆ, ಅದು ಬ್ಯಾಕ್ ಔಟ್. ಯಾವುದರಿಂದ ಜಾರಿಕೊಂಡ ಎಂದು ಹೇಳಬೇಕಾದರೆ ಮುಂದೆ ಒಂದೇ ಎಫ್ ಇರುವ ಆಫ್ ಹಾಕಬೇಕು, ಬ್ಯಾಕ್ ಔಟ್ ಆಫ್. ಇಷ್ಟು ಹೇಳಿ, ತಲಾ ಒಂದು ವಾಕ್ಯ ಮಾಡಿ ಅಂದೆ. ಗೋವಾಕ್ಕೆ ಬರುತ್ತೇನೆಂದ ಗೆಳೆಯ ರೈಲು ಹೊರಡುವ ಹೊತ್ತಿಗೆ ಬ್ಯಾಕ್ ಔಟ್ ಮಾಡಿದ ಎಂದು ಸುಂದರ ಬರೆದ. ಮನೆ ಕೊಡುತ್ತೇನೆಂದ ಮಾಲೀಕ ಬ್ಯಾಕ್ ಔಟ್ ಮಾಡಿದ ಎಂದು ಸಾಯಲಿ ಬರೆದಳು. ನಾನು ಹತ್ತಾರು ಬ್ಯಾಚಿಗೆ ಈ ಪಾಠ ಮಾಡಿದ್ದೇನೆ. ಒಬ್ಬನಾದರೂ ನಾನು ಹಿಂದೆ ಸರಿದೆ ಎಂದು ಬರೆದದ್ದಿಲ್ಲ. ಈ ಲೋಕದಲ್ಲಿ ಮಾತಿಗೆ ತಪ್ಪುವವರೆಲ್ಲ ಬೇರೆಯವರೇ.

ಶಿವಕಾಂತಾ ಏನೂ ಬರೆದಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತಿದ್ದವಳು ಒಂದು ಪ್ರಶ್ನೆ ಕೇಳಿದಳು.

"ಮ್ಯಾಡಮ್ ರೀ, ನಮ್ಮ ಪರವಾಗಿ ಬ್ಯಾರೇದವ್ರು ಹೂಂ ಅಂದಿದ್ರ, ನಾವು ಬ್ಯಾಕ್ ಔಟ್ ಆಗ್ಲಾಕ ಬರ್ತದೇನ್ರಿ?"

ನಾನು ಟೀಚರು. ಪ್ರಶ್ನೆ ಕೇಳಿದರೆ ಉತ್ತರ ಕೊಡುವುದು ಗೊತ್ತು, ಯಾಕೆ ಕೇಳಿದರು ಎಂದು ಯೋಚಿಸುವ ಅಭ್ಯಾಸವಿಲ್ಲ. ಬರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟೆ. ಬೇರೆಯವರು ಕೊಟ್ಟ ಮಾತಿನಿಂದ ನೀನು ಹೇಗೆ ಹಿಂದೆ ಸರಿಯುತ್ತಿ? ಆ ಮಾತಿನೊಳಗೆ ನೀನು ಇರಲೇ ಇಲ್ಲವಲ್ಲ. ನೀನು ಬೇಡ ಅನ್ನಬಹುದು. ಆದರೆ ನೀನು ಬೇಡ ಅಂದರೆ ಮಾತು ತಪ್ಪಿದ ಹಾಗಾಗುವುದು ಕೊಟ್ಟವರಿಗೆ. ಬ್ಯಾಕ್ ಔಟ್ ಮಾಡಬೇಕಾದರೆ ಮೊದಲು ಒಪ್ಪಿಕೊಂಡಿರಬೇಕು.

ಅವಳು ಅದನ್ನು ಶ್ರದ್ಧೆಯಿಂದ ಬರೆದುಕೊಂಡಳು. ಕ್ಲಾಸು ಮುಗಿದ ಮೇಲೂ ಏಳಲಿಲ್ಲ. ಕೆಳಗಿನಿಂದ ಎರಡು ಕಾಫಿ ತರಿಸಿದೆ. ಕಾಫಿ ಕುಡಿಯುತ್ತ ಅವಳು ಹೇಳಿದ್ದು ಇದು.

ಅವಳ ಅವ್ವ ಯಮನವ್ವನಿಗೆ ಒಬ್ಬನೇ ಅಣ್ಣ, ಅವ್ವಣ್ಣ. ಶಿವಕಾಂತಾಳನ್ನು ತೊಟ್ಟಿಲಿಗೆ ಹಾಕಿದ ದಿನ ಅವ್ವಣ್ಣ ಕುಲಾವಿ ತಂದು ಕೂಸಿನ ತಲೆಗೆ ಕಟ್ಟಿ, ಇದು ನನ್ನ ಮಗ ಅಂಬಾದಾಸನ ಹೆಂಡತಿ ಅಂದ. ಯಮನವ್ವ, ನಿನ್ನದೇ ತಗೋ ಅಣ್ಣಾ ಅಂದಳು. ಅಲ್ಲಿಗೆ ಮಾತಾಯಿತು. ಕೂಸು ಅತ್ತಿತಂತೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮುಂದೆ ಶಿವಕಾಂತಾಳ ಅಪ್ಪ ಕೆಲಸದ ಮೇಲಿದ್ದಾಗ ಬಿದ್ದು ತೀರಿಕೊಂಡ. ಆಗ ಅಣ್ಣನೇ ಊರಿಂದ ತಂಗಿಯನ್ನೂ ಕೂಸನ್ನೂ ಪುಣೆಗೆ ಕರೆತಂದ. ಯಮನವ್ವನಿಗೆ ಕಟ್ಟಡದ ಕೆಲಸ ಹಿಡಿಸಿದ, ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಶಾಲೆಗೆ ಹಾಕಿದ. ತಾನು ಪುಣೆಯ ಹೊರಗಿನ ಸಾಸವಡಕ್ಕೆ ಹೋಗಿ ಸಣ್ಣ ಗುತ್ತಿಗೆ ಹಿಡಿದು ನೆಲೆಯಾದ ಮೇಲೂ ನಾಗರಪಂಚಮಿ ಬಂದರೆ ತಂಗಿಯನ್ನು ಕರೆಯಲು ದಿವೆ ಘಾಟು ಇಳಿದು ಬರುವುದನ್ನು ತಪ್ಪಿಸಲಿಲ್ಲ. ಯಮನವ್ವನಿಗೆ ತವರೆಂದರೆ ಊರಲ್ಲ, ಊರಿನ ಮನೆ ಬಿದ್ದು ಯಾವ ಕಾಲವಾಯಿತೋ. ಅಣ್ಣ ಸಾಸವಡದಲ್ಲಿದ್ದರೆ ತವರು ಸಾಸವಡದಲ್ಲಿದೆ, ಅಷ್ಟೆ.

ಈಗ ಸಂಗತಿ ಏನೆಂದರೆ, ಈ ಮದುವೆ ಯಾರಿಗೂ ಬೇಡ.

ಶಿವಕಾಂತಾಳಿಗೆ ಬೇಡ. ಅಂಬಾದಾಸ ಒಳ್ಳೆಯವನೇ, ಆದರೆ ಒಂದೇ ತಾಟಿನಲ್ಲಿ ಉಂಡು, ಒಂದೇ ಚಾದರಕ್ಕೆ ಜಗಳಾಡಿ ಬೆಳೆದವನನ್ನು ಗಂಡ ಅಂದುಕೊಳ್ಳಲು ಅವಳಿಂದ ಆಗುತ್ತಿಲ್ಲ. ಯಮನವ್ವನಿಗೂ ಬೇಡ. ಅಣ್ಣನ ಹೆಂಡತಿ ನಾಗವ್ವನ ಬಾಯಿ ಎಂಥದೆಂದು ಅವಳಿಗೆ ಗೊತ್ತು, ಆ ಬಾಯಿಗೆ ಮಗಳನ್ನು ಕೊಡುವ ಧೈರ್ಯವಿಲ್ಲ. ನಾಗವ್ವನಿಗಂತೂ ಬೇಡವೇ ಬೇಡ, ಅವಳ ಕಣ್ಣು ತನ್ನ ತಮ್ಮನ ಮಗಳ ಮೇಲಿದೆ. ಹೆಂಡತಿಗೆ ಬೇಡವಾದದ್ದು ಬರಬರುತ್ತ ಅವ್ವಣ್ಣನಿಗೂ ಬೇಡವಾಗಿದೆ. ಖರಾಡಿಯ ಹವಾ ಕುಡಿದ ಹುಡುಗಿ ತನ್ನ ಮನೆಯಲ್ಲಿ ನಿಲ್ಲುವುದಿಲ್ಲ ಎಂದು ಯಾರ ಹತ್ತಿರವೋ ಅಂದಿದ್ದನಂತೆ. ಅಂಬಾದಾಸನಿಗೆ ಬೇಕೋ ಬೇಡವೋ ತಿಳಿಯಲು ಶಿವಕಾಂತಾಳೇ ಫೋನು ಮಾಡಿದ್ದಳು. ನೀನಾದರೂ ಬೇಡ ಅನ್ನು ಮಾರಾಯ ಎಂದು ಬೇಡಿಕೊಂಡದ್ದಕ್ಕೆ ಅವನು, ಅಪ್ಪನನ್ನು ಕೇಳಿ ಹೇಳುತ್ತೇನೆ ಅಂದನಂತೆ.

ಯಾರಿಗೂ ಬೇಡದ ಮದುವೆ ನಿಲ್ಲುವುದು ಸುಲಭ ಎಂದು ನೀವು ತಿಳಿದಿದ್ದರೆ ನಿಮಗೆ ಇವರ ಪೈಕಿಯವರ ಪರಿಚಯವಿಲ್ಲ. ಇವರಲ್ಲಿ ಮಾತು ಕೊಟ್ಟವರು ಮಾತು ಮುರಿಯುವಂತಿಲ್ಲ. ಎದುರಿನವರು ಮುರಿಯಬೇಕು. ಯಮನವ್ವ ಮೊದಲು ಒಲ್ಲೆ ಅಂದರೆ ಅಣ್ಣನಿಗೆ ಎರಡು ಬಗೆದಂತೆ. ತವರಿನ ಬಾಗಿಲು ಮುಚ್ಚಿತು, ಅಲ್ಲಿಗೆ ಪಂಚಮಿಯೂ ಮುಗಿಯಿತು. ಅವ್ವಣ್ಣ ಮೊದಲು ಒಲ್ಲೆ ಅಂದರೆ ಗಂಡನಿಲ್ಲದ ತಂಗಿಯ ಮಗಳ ಕೈಬಿಟ್ಟ ಅಣ್ಣ ಅನ್ನಿಸಿಕೊಂಡು ಬಳಗದಲ್ಲಿ ತಲೆಯೆತ್ತುವ ಹಾಗಿಲ್ಲ. ಹೀಗಾಗಿ ಅಣ್ಣ ತಂಗಿ ಇಬ್ಬರೂ ಒಬ್ಬರು ಮತ್ತೊಬ್ಬರನ್ನು ಹಿಂದೆ ಸರಿಸುವ ಕೆಲಸಕ್ಕೆ ನಿಂತರು. ಅದನ್ನು ಎಷ್ಟು ಮರ್ಯಾದೆಯಿಂದ ಮಾಡಿದರೆಂದರೆ ಮದುವೆ ಪ್ರತಿ ಸಲವೂ ಒಂದು ಹೆಜ್ಜೆ ಹತ್ತಿರ ಬಂತು.

ಮಗಳಿಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂದು ಯಮನವ್ವ ಹೇಳಿಕಳಿಸಿದಳು. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯಲು ಮಂದಿ ಇದ್ದಾರೆ, ಸೊಸೆ ಕೂತು ಉಂಡರೆ ಸಾಕು ಎಂದು ಅವ್ವಣ್ಣ ಉತ್ತರ ಕೊಟ್ಟ. ಆ ಮಂದಿ ಯಾರೆಂದು ಕೇಳಿ ನಾಗವ್ವ ಮನೆಯಲ್ಲಿ ರಾದ್ಧಾಂತ ಮಾಡಿದಳಂತೆ. ನನ್ನ ಮಗನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಅವ್ವಣ್ಣ ಹೇಳಿನೋಡಿದ. ಗಂಡಸೆಂದ ಮೇಲೆ ಸಿಟ್ಟಿರಬೇಕು ಎಂದು ಯಮನವ್ವ ಸಂತೋಷಪಟ್ಟಳು. ಅಂಬಾದಾಸನಿಗೆ ಸಿಟ್ಟು ಬಂದದ್ದನ್ನು ಆವರೆಗೆ ಯಾರೂ ಕಂಡವರಿಲ್ಲ. ಮದುವೆ ಊರಲ್ಲೇ ಆಗಬೇಕು, ಅದೂ ಸುಡುಬೇಸಿಗೆಯಲ್ಲಿ ಎಂದು ಅವ್ವಣ್ಣ ಹಟ ಹಿಡಿದ. ಊರಿನ ದೇವರ ಮುಂದೆ ಆಗುವುದಕ್ಕಿಂತ ಭಾಗ್ಯವುಂಟೆ ಎಂದು ಯಮನವ್ವ ಕಣ್ಣೊರೆಸಿಕೊಂಡಳು. ಒಳಗೊಳಗೆ ಇಬ್ಬರೂ ಹಣೆ ಚಚ್ಚಿಕೊಂಡರು.

ಕೊನೆಗೆ ಇಬ್ಬರೂ, ಒಬ್ಬರಿಗೊಬ್ಬರು ತಿಳಿಯದಂತೆ, ಬಳಗದ ಅಯ್ಯನವರ ಹತ್ತಿರ ಹೋದರು. ಹೆಸರುಬಲ ಕೂಡಿ ಬರುವುದಿಲ್ಲ ಅಂದುಬಿಡಿ ಎಂದು ಕೇಳುವ ಇರಾದೆ ಇಬ್ಬರದೂ. ಬಾಯಿಬಿಟ್ಟು ಕೇಳುವ ಧೈರ್ಯ ಇಬ್ಬರಿಗೂ ಇಲ್ಲ. ಹೆಸರು ಕೂಡುತ್ತದೋ ಇಲ್ಲವೋ ಸ್ವಲ್ಪ ಸರಿಯಾಗಿ ನೋಡಿ ಎಂದಷ್ಟೇ ಹೇಳಿ ಕಾಲು ಹಿಡಿದರು. ಎರಡೂ ಕಡೆಯವರಿಗೆ ಇಷ್ಟೊಂದು ಕಾಳಜಿ ಇರುವುದನ್ನು ಕಂಡು ಅಯ್ಯನವರ ಮನಸ್ಸು ತುಂಬಿಬಂತು. ತೊಟ್ಟಿಲಲ್ಲಿ ಕೊಟ್ಟ ಮಾತಿಗೆ ಹೆಸರುಬಲ ನೋಡುವ ರೂಢಿಯೇ ಇಲ್ಲ ಎಂದು ಹೇಳಿ, ಮುಂದಿನ ಭಾನುವಾರವೇ ಎಲೆ ಅಡಿಕೆ ಶಾಸ್ತ್ರಕ್ಕೆ ಒಳ್ಳೆಯ ದಿನ ಎಂದು ತಾವೇ ಗೊತ್ತುಮಾಡಿದರು.

"ಎಲಿ ಅಡಿಕಿ ಆತಂದ್ರ ಮುಗೀತ್ರಿ," ಅಂದಳು ಶಿವಕಾಂತಾ. "ನಾ ಒಲ್ಲೆ ಅಂದ್ರ ಅವ್ವನ ಮಾತು ಹೋಗ್ತದ. ಅವ್ವಗ ಮಾಮಾ ಬಿಟ್ರ ಯಾರಿದ್ದಾರ್ರಿ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಇನ್ನೂ ಕೆಟ್ಟದ್ದು. ಒಂದು ಹುಡುಗಿಯ ಇಡೀ ಬದುಕು ಎರಡು ಕಡೆಯವರ ಮರ್ಯಾದೆಯ ನಡುವೆ ಸಿಕ್ಕಿಕೊಂಡಿದೆ, ನಾನು ಅವಳಿಗೆ ಆಫ್ ಎಲ್ಲಿ ಹಾಕಬೇಕೆಂದು ಹೇಳುತ್ತಿದ್ದೇನೆ. ನಾನೇ ಹೋಗಿ ನಿನ್ನ ಮಾಮನ ಹತ್ತಿರ ಮಾತಾಡುತ್ತೇನೆ ಅಂದೆ. ಅವಳು ಬೇಡ ಅಂದಳು. ಆ ದಿನ ಬಂದು ಹತ್ತಿರ ಕೂತಿದ್ದರೆ ಸಾಕು, ಬಳಗದವರಲ್ಲದ ಒಬ್ಬರಾದರೂ ಇರಲಿ ಅಂದಳು. ರಾತ್ರಿ ಭುಜಂಗರಿಗೆ ಹೇಳಿದೆ. ಅವರು ನೋಟಿಗೆ ರಬ್ಬರು ಹಾಕುತ್ತ, "ಅದು ಅವರ ಮನೆ ವಿಷಯ. ನಿನಗೆ ಎಂತಕ್ಕೆ ಜ್ಯೋತ್ಸ್ನಾ?" ಅಂದರು. ಗಂಡಂದಿರು ಸರಿಯಾದ ಮಾತನ್ನೇ ಹೇಳುತ್ತಾರೆ, ಅದಕ್ಕೇ ಅದನ್ನು ಯಾರೂ ಕೇಳುವುದಿಲ್ಲ.

ಭಾನುವಾರ ಕ್ಲಾಸಿಗೆ ರಜೆ ಕೊಟ್ಟು ಹೋದೆ. ಯಮನವ್ವನ ಮನೆ ಅಂದರೆ ಎರಡನೇ ಮಾಳಿಗೆಯಲ್ಲಿ ಒಂದು ಕೋಣೆ, ಅಡುಗೆಗೊಂದು ಮೂಲೆ, ಹೊರಗೆ ಎಲ್ಲ ಮನೆಗಳಿಗೂ ಸೇರಿದ ಉದ್ದದ ಪಡಸಾಲೆ. ಪಡಸಾಲೆಗೆ ಜಮಖಾನೆ ಹಾಸಿ ಗಂಡಸರನ್ನು ಕೂರಿಸಿದ್ದರು. ಅಕ್ಕಪಕ್ಕದ ಮನೆಯವರು ತಮ್ಮ ತಮ್ಮ ಬಾಗಿಲಲ್ಲೇ ನಿಂತು ಶಾಸ್ತ್ರಕ್ಕೆ ಬಂದ ಹಾಗೆಯೂ ಬಾರದ ಹಾಗೆಯೂ ಇದ್ದರು. ಒಳಗೆ ಹೋಳಿಗೆ ಬೇಯುವ ವಾಸನೆ. ಅವ್ವಣ್ಣ ಎತ್ತರದ ಆಳು, ಬಿಳಿ ಟೋಪಿ, ಇಸ್ತ್ರಿ ಮಾಡಿದ ಅಂಗಿ. ಮುಖ ಮಾತ್ರ ಹಲ್ಲು ಕೀಳಿಸಿಕೊಳ್ಳಲು ಬಂದವನದು. ನಾಗವ್ವ ಸೆರಗು ಹೊದ್ದು ಒಳಗಿನ ಹೊಸ್ತಿಲ ಮೇಲೆ ಕೂತು, ಮನೆಯ ಸುಣ್ಣ ಎಲ್ಲೆಲ್ಲಿ ಉದುರಿದೆ ಎಂದು ನೋಡುತ್ತಿದ್ದಳು. ಅಂಬಾದಾಸ ಹೊಸ ಅಂಗಿಯಲ್ಲಿ ಕೂತು, ಯಾರು ಏನು ಅಂದರೂ ತಲೆ ಆಡಿಸುತ್ತಿದ್ದ. ನಾನು ನಮಸ್ಕಾರ ಅಂದೆ. ಅದಕ್ಕೂ ಆಡಿಸಿದ.

ಅಯ್ಯನವರು ತಾಟಿನಲ್ಲಿ ಎಲೆ ಅಡಿಕೆ ಹರಡಿ, ಮೇಲೊಂದಿಷ್ಟು ಅರಿಷಿಣ ಕುಂಕುಮ ಇಟ್ಟು ಕೇಳಿದರು. ಅವ್ವಣ್ಣ, ತೊಟ್ಟಿಲ ಮಾತಿನ ಮೇಲೆ ಇದ್ದೀಯೇನು? ಅವ್ವಣ್ಣ ತಂಗಿಯನ್ನು ನೋಡಿದ. ತಂಗಿ ಏನಾದರೂ ಅಂದಾಳೇನೋ ಎಂದು ಕಾದ ನೋಟ ಅದು, ನಾನು ಹತ್ತಿರದಿಂದ ಕಂಡೆ. ಅವಳು ಏನೂ ಅನ್ನಲಿಲ್ಲ. ಇದ್ದೀನ್ರಿ ಅಂದ. ಯಮನವ್ವ, ನೀನು? ಅವಳು ಅಣ್ಣನನ್ನು ನೋಡಿದಳು, ಅದೇ ನೋಟ. ಇದ್ದೀನ್ರಿ ಅಂದಳು. ಆಮೇಲೆ ಇಬ್ಬರೂ ಜಮಖಾನೆ ನೋಡತೊಡಗಿದರು. ಒಬ್ಬರಿಗೊಬ್ಬರು ಅಷ್ಟು ಹತ್ತಿರ ಕೂತು, ಅಷ್ಟೊಂದು ಪ್ರೀತಿ ಇಟ್ಟುಕೊಂಡು, ಒಂದೇ ಒಂದು ಮಾತಿಗೆ ಹೆದರಿದ ಇಬ್ಬರನ್ನು ನಾನು ಬೇರೆಲ್ಲೂ ಕಂಡಿಲ್ಲ. ಎದ್ದು ಇಬ್ಬರ ತಲೆಗಳನ್ನೂ ಹಿಡಿದು ಕುಟ್ಟಬೇಕು ಅನಿಸಿತು.

ತಾಟು ಅಣ್ಣನ ಕಡೆಯಿಂದ ತಂಗಿಯ ಕಡೆಗೆ ಹೋಗಬೇಕು. ಹುಡುಗಿಯನ್ನು ಕರೆಯುವುದು ಆಮೇಲೆ, ಉಡಿ ತುಂಬಲು. ಅಯ್ಯನವರು ತಾಟಿಗೆ ಕೈ ಹಚ್ಚಿದ್ದರು, ಅಷ್ಟರಲ್ಲಿ ಶಿವಕಾಂತಾ ಕರೆಯದೇ ಹೊರಗೆ ಬಂದಳು. ಹಸಿರು ಸೀರೆ ಉಟ್ಟಿದ್ದಳು. ನಾಗವ್ವ ದಾರಿ ಬಿಡಬೇಕಾಯಿತು. ನೇರವಾಗಿ ಬಂದು ಅಯ್ಯನವರ ಎದುರು ಕೂತಳು.

"ಅಯ್ಯನೋರೆ, ನನಗೂ ಒಂದ್ ಮಾತು ಕೇಳ್ರಿ."

ಹುಡುಗಿಯನ್ನು ಕೇಳುವ ರೂಢಿ ಇರಲಿಲ್ಲ. ಆದರೆ ಕೇಳಬಾರದು ಎಂಬ ಶಾಸ್ತ್ರವೂ ಅಯ್ಯನವರಿಗೆ ನೆನಪಾದಂತೆ ಕಾಣಲಿಲ್ಲ. ಅಂಬಾದಾಸನನ್ನು ಮಾಡಿಕೊಳ್ಳಲು ಒಪ್ಪಿಗೆ ಇದೆಯೇನಮ್ಮ ಎಂದು ಕೇಳಿದರು.

"ಒಪ್ಪಿಗಿ ಅದರಿ," ಅಂದಳು.

ಅವ್ವಣ್ಣನ ಮುಖ ನೋಡಿದೆ, ಕೊನೆಯ ಬಸ್ಸು ತಪ್ಪಿದವನ ಹಾಗಿದ್ದ. ಯಮನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾಗವ್ವ ಗೋಡೆಯ ಸುಣ್ಣ ಮರೆತು ಹುಡುಗಿಯನ್ನು ನುಂಗುವ ಹಾಗೆ ನೋಡಿದಳು. ಹುಡುಗಿಯಾದರೂ ಹಟ ಮಾಡಿಯಾಳು ಎಂದು ಪ್ರತಿಯೊಬ್ಬರೂ ಒಳಗೊಳಗೆ ನಂಬಿದ್ದರು ಎಂಬುದು ಆಗ ನನಗೆ ತಿಳಿಯಿತು. ನಾನೂ ನಂಬಿದ್ದೆ.

ಹಾಗಾದರೆ ಎಲೆ ಅಡಿಕೆಯನ್ನು ನನ್ನ ಕೈಯಲ್ಲೇ ಕೊಡಿ ಎಂದು ಶಿವಕಾಂತಾ ಅಂಗೈ ಚಾಚಿದಳು. ಒಪ್ಪಿದ ಹುಡುಗಿಗೆ ಇಲ್ಲವೆನ್ನಲು ಅಯ್ಯನವರಿಗೆ ಕಾರಣ ಸಿಗಲಿಲ್ಲ. ಎರಡು ಎಲೆ, ಒಂದು ಅಡಿಕೆ ಎತ್ತಿ ಅವಳ ಕೈಗಿಟ್ಟರು. ಅವಳು ಕೈ ಮುಚ್ಚಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಕೇಳಿದಳು, ಈಗ ಮಾತು ಯಾರದು? ಎಲೆ ಹಿಡಿದವರದು ಎಂದು ಅಯ್ಯನವರು ಹೇಳಿದರು. ಅವರಿಗೆ ಈ ಪ್ರಶ್ನೋತ್ತರ ಹಿಡಿಸಿದಂತಿತ್ತು, ಶಾಸ್ತ್ರದಲ್ಲಿ ಇಷ್ಟು ಆಸಕ್ತಿ ಇರುವ ಹುಡುಗಿಯರು ಅವರಿಗೆ ಸಿಕ್ಕಿರಲಾರರು. ಅಂದರೆ ಅವ್ವನ ಮಾತು ಸಾಲ ತೀರಿದ ಹಾಗೆ ಮುಟ್ಟಿತು, ಮಾಮನ ಮಾತೂ ಮುಟ್ಟಿತು, ಹೌದಲ್ಲ ಎಂದು ಮತ್ತೆ ಕೇಳಿದಳು. ಹೌದು, ಮುಟ್ಟಿತು ಅಂದರು.

ಅವಳು ಕೈ ತೆರೆದು ಎಲೆ ಅಡಿಕೆಯನ್ನು ತಾಟಿನಲ್ಲಿ ವಾಪಸು ಇಟ್ಟಳು.

"ನಾ ಹಿಂದ ಸರೀತೀನ್ರಿ. ಒಪ್ಪಿದಾಕೀನೂ ನಾನ, ಮುರದಾಕೀನೂ ನಾನ. ಅವ್ವ ಮಾತು ತಪ್ಪಿಲ್ಲ. ಮಾಮಾ, ನೀನೂ ತಪ್ಪಿಲ್ಲ."

ನನ್ನ ಇಷ್ಟು ವರ್ಷದ ಪಾಠದಲ್ಲಿ ಒಬ್ಬರಿಂದಲೂ ಬಾರದ ವಾಕ್ಯ ಅದು.

ಅಯ್ಯನವರು ತಾಟನ್ನು ನೋಡಿದರು. ತಾವು ಒಂದೊಂದಾಗಿ ಒಪ್ಪಿಕೊಟ್ಟ ಮಾತುಗಳೇ ತಮ್ಮ ಸುತ್ತ ಗೋಡೆಯಾಗಿ ನಿಂತಿದ್ದು ಅವರಿಗೂ ಕಂಡಿರಬೇಕು. ಕೊನೆಗೆ, ಮಾತು ಹಿಡಿದವಳೇ ಬಿಟ್ಟಳು, ಹಿರಿಯರ ಮೇಲೆ ತಪ್ಪಿಲ್ಲ, ಯಮನವ್ವನೂ ನಡೆದುಕೊಂಡಳು, ಅವ್ವಣ್ಣನೂ ನಡೆದುಕೊಂಡ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಮೊದಲು ಎದೆ ಬಡಿದುಕೊಂಡವಳು ನಾಗವ್ವ. ನನ್ನ ಮಗನ ಮಾನ ಕಳೆದಳಲ್ಲ ಎಂದು ಬಾಯಿ ಮಾಡಿದಳು. ಅವಳ ಮುಖದ ಮೇಲೆ ಮಾತ್ರ ಹಬ್ಬ ಇತ್ತು, ಸೆರಗು ಎಷ್ಟು ಎಳೆದುಕೊಂಡರೂ ಮುಚ್ಚಲಿಲ್ಲ. ಯಮನವ್ವ ಮಗಳಿಗೆ ಶಾಪ ಹಾಕಿದಳು, ನಿನ್ನನ್ನು ಹೆತ್ತ ಹೊಟ್ಟೆಗೆ ಬೆಂಕಿ ಬೀಳಲಿ ಅಂದಳು, ಅಣ್ಣನ ಕಾಲಿಗೆ ಬಿದ್ದಳು. ಅವ್ವಣ್ಣ ತಂಗಿಯನ್ನು ಎಬ್ಬಿಸಿ ಹಿಡಿದುಕೊಂಡ. ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಅತ್ತರು. ಆಮೇಲೆ ಇಬ್ಬರೂ ಸೇರಿ ಹುಡುಗಿಯನ್ನು ಬೈದರು, ಒಬ್ಬರು ಅರ್ಧಕ್ಕೆ ಬಿಟ್ಟದ್ದನ್ನು ಇನ್ನೊಬ್ಬರು ಪೂರ್ತಿ ಮಾಡುತ್ತ. ತಿಂಗಳುಗಟ್ಟಲೆ ಒಬ್ಬರನ್ನೊಬ್ಬರು ಸರಿಸಲು ಹೆಣಗಿದ ಅಣ್ಣ ತಂಗಿ ಕಡೆಗೂ ಒಂದಾಗಿದ್ದರು. ಇಂಗ್ಲಿಷ್ ಕಲಿಸಿ ಹುಡುಗಿಯ ತಲೆ ಕೆಡಿಸಿದರು ಎಂದು ಯಾರೋ ಅಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಇಲ್ಲವೆನ್ನಲಿಲ್ಲ. ಆ ಹೊತ್ತಿಗೆ ಅದೊಂದು ತಪ್ಪನ್ನು ಹೊರಲು ಯಾರಾದರೂ ಬೇಕಿತ್ತು, ಹುಡುಗಿಯ ಹೆಗಲ ಮೇಲಿನದು ಅಷ್ಟಾದರೂ ಇಳಿಯಲಿ ಅನಿಸಿತು.

ಹೋಳಿಗೆ ಮಾಡಿಟ್ಟದ್ದು ಹಾಳಾಗಬಾರದೆಂದು ಎಲ್ಲರೂ ಉಂಡರು. ಸಿಟ್ಟಿನಲ್ಲಿ ಉಂಡರೂ ತುಪ್ಪ ಬೇಡ ಅಂದವರಿಲ್ಲ. ಅಂಬಾದಾಸ ನನ್ನ ಪಕ್ಕದಲ್ಲೇ ಕೂತು ಚೆನ್ನಾಗಿ ಉಂಡ. ನಡುವೆ ಒಮ್ಮೆ ತಗ್ಗಿದ ದನಿಯಲ್ಲಿ, "ಛಲೋ ಆತ್ರಿ," ಅಂದ. ಯಾರನ್ನೂ ಕೇಳದೆ ಅವನು ಹೇಳಿದ ಮಾತು ಬಹುಶಃ ಅದೊಂದೇ.

ಶಿವಕಾಂತಾ ಉಣ್ಣಲಿಲ್ಲ. ಅಡುಗೆಯ ಮೂಲೆಯಲ್ಲಿ ನಿಂತು ಎಲ್ಲರಿಗೂ ಹೋಳಿಗೆ ಎತ್ತಿಕೊಟ್ಟಳು. ಅವಳ ಮುಖದಲ್ಲಿ ಹೆದರಿಕೆ ಇಳಿದಿತ್ತು. ಬೈಗುಳಕ್ಕೆ ಅವಳು ತಯಾರಾಗಿಯೇ ಬಂದಿದ್ದಳು. ಒಂದಷ್ಟು ದಿನ ಬೈಯುತ್ತಾರೆ, ಆಮೇಲೆ ಮರೆಯುತ್ತಾರೆ, ಅವ್ವನ ತವರು ಉಳಿಯಿತಲ್ಲ. ನಾನು ಖಾಲಿ ತಾಟು ಇಡಲು ಹೋದಾಗ ನನ್ನ ಕೈ ಹಿಸುಕಿ ಇಷ್ಟು ಹೇಳಿದಳು, ನಕ್ಕಳು ಕೂಡ. ನನಗೂ ಹಗುರಾಯಿತು. ಮುಂದಿನ ಭಾನುವಾರ ಹೊಸ ಪದ ಶುರು ಮಾಡಬಹುದು ಅಂದುಕೊಂಡೆ.

ಹೊರಡುವ ಹೊತ್ತಾಯಿತು. ಕೆಳಗೆ ಸಾಸವಡದ ಟೆಂಪೊ ಹಾರ್ನು ಹೊಡೆಯುತ್ತಿತ್ತು. ಅವ್ವಣ್ಣ ಟೋಪಿ ಸರಿಮಾಡಿಕೊಂಡು ಬಾಗಿಲಲ್ಲಿ ನಿಂತು ತಂಗಿಗೆ ಸಮಾಧಾನ ಹೇಳಿದ. ನಿನ್ನದೇನೂ ತಪ್ಪಿಲ್ಲ, ಪಂಚಮಿಗೆ ಕರೆಯಲು ನಾನೇ ಬರುತ್ತೇನೆ, ನಿನ್ನ ಅಣ್ಣ ಇನ್ನೂ ಬದುಕಿದ್ದಾನೆ ಅಂದ. ಯಮನವ್ವ ಮತ್ತೆ ಅತ್ತಳು. ಅವಳು ಅತ್ತದ್ದು ಖುಷಿಗೆ ಎಂದು ನನಗೆ ಗೊತ್ತಿತ್ತು. ನಾಚಿಕೆಗೆ ಎಂದು ಬಳಗದವರು ತಿಳಿದರು, ಅದೂ ಒಳ್ಳೆಯದೇ ಆಯಿತು. ಆಮೇಲೆ ಅವ್ವಣ್ಣ ಒಳಗೆ ನಿಂತಿದ್ದ ಶಿವಕಾಂತಾಳ ಕಡೆ ಕೈ ಮಾಡಿ, ಅವಳನ್ನು ನೋಡದೆ ಹೇಳಿದ.

"ಇಕಿಗಿ ಮಾತ್ರ ನಾ ಇನ್ನ ಮಾಮಾ ಅಲ್ಲ. ನನ್ನ ಮನಿ ಹೊಸ್ತಿಲ ತುಳೀಬಾರ್ದು."

ಅವನು ಅದನ್ನು ಸಿಟ್ಟಿಗೆ ಅಂದನೋ, ಬಳಗದ ಎದುರು ಅನ್ನಬೇಕೆಂದು ಅಂದನೋ, ನನಗೆ ತಿಳಿಯದು. ಯಾವುದಕ್ಕೇ ಅಂದಿರಲಿ, ಮಾತು ಬಂದಾಗಿತ್ತು. ಈ ಜನ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವವರಲ್ಲ. ಶಿವಕಾಂತಾಳ ಕೈಯಲ್ಲಿ ಹೋಳಿಗೆಯ ಡಬ್ಬಿ ಇತ್ತು, ಮಾಮನ ಮನೆಗೆಂದು ಅವಳೇ ತುಂಬಿಟ್ಟದ್ದು. ಅದನ್ನು ಹಿಡಿದು ಮುಂದೆ ಬಂದವಳು ಅಲ್ಲೇ ನಿಂತಳು. ಮುಖದಲ್ಲಿದ್ದ ನಗು ಎಲ್ಲಿ ಹೋಯಿತೋ.

"ಆತ್ರಿ," ಅಂದಳು. "ಇಲ್ಲೇ ಇಡ್ತೀನ್ರಿ. ತಗೊಂಡ್ ಹೋಗ್ರಿ."

ಹುಟ್ಟಿದಾಗಿನಿಂದ ಅವಳು ಮಾಮನನ್ನು ನೀನು ಎಂದೇ ಕರೆದವಳು. ಬಾ ಮಾಮಾ, ಹೋಗು ಮಾಮಾ, ಎತ್ತಿಕೋ ಮಾಮಾ. ಪಾಸು ಕೇಳಲು ಬಂದ ಅಪರಿಚಿತರಿಗೆ ಹಚ್ಚುವ ರೀ ಅದು. ಡಬ್ಬಿಯನ್ನು ಹೊಸ್ತಿಲ ಹತ್ತಿರ ಇಟ್ಟು, ಎರಡು ಹೆಜ್ಜೆ ಹಿಂದೆ ಹೋಗಿ ನಿಂತಳು.

ಅವ್ವಣ್ಣ ಆಗ ಅವಳನ್ನು ನೋಡಿದ. ಎಲ್ಲರೂ ಮೆಟ್ಟಿಲಿಳಿದರೂ ಅವನು ಇಳಿಯಲಿಲ್ಲ. ಎದುರಿಗೇ ಇದ್ದ ಚಪ್ಪಲಿಯನ್ನು ಹುಡುಕಿದ, ಒಂದನ್ನು ಮೆಟ್ಟಿದ, ಮತ್ತೊಂದನ್ನು ಮೆಟ್ಟಲು ಹೋಗಿ ಗೋಡೆ ಹಿಡಿದ. ಕೆಳಗಿನಿಂದ ನಾಗವ್ವ ಕೂಗಿದಳು. ಅವನು ಬಗ್ಗಿ ಡಬ್ಬಿ ಎತ್ತಿ ಎದೆಗವಚಿಕೊಂಡು, ಹಿಂದೆ ತಿರುಗಿ ನೋಡದೆ ಇಳಿದು ಹೋದ.

ಟೆಂಪೊ ತಿರುವು ದಾಟಿದ ಮೇಲೆ ಶಿವಕಾಂತಾ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಅವ್ವನ ಮುಂದೆ ಅಳಬಾರದೆಂದು ಹೊರಗೆ ಬಂದದ್ದು. ನನ್ನನ್ನು ನೋಡಿ, "ಮಾಮಾಗ ರೀ ಅಂದೆ ಮ್ಯಾಡಮ್," ಅಂದಳು. ಅಷ್ಟೇ ಅಂದದ್ದು, ಆಮೇಲೆ ಅಳು ಬಂತು, ಸಣ್ಣ ಮಕ್ಕಳು ಅಳುವ ಹಾಗೆ ಬಾಯಿ ತೆರೆದು. ಪಕ್ಕದಲ್ಲಿ ಕೂತೆ.